ಮುದಿ ನಾಯಿಯೂ ಹೊಸ ಪಾಠವೂ

ಕೆಲವು ವರ್ಷಗಳ ಹಿಂದಿನ ಮಾತು. ಮಗ್ರಿಬ್ ನಮಾಝ್ ಮುಗಿಸಿ ಮುಸಲ್ಲಾ ಮಡಚಿಟ್ಟ ಉಮ್ಮ ನಮ್ಮ ಪಕ್ಕದಲ್ಲಿ ಬಂದು ಕುಳಿತರು. "ಮೋನೇ, ನನಗೂ ಕನ್ನಡ ಅಕ್ಷರ ಕಲಿಸಿಕೊಡ್ತೀಯಾ? ಬಸ್ಸಿನ ಬೋರ್ಡು ಓದಲಿಕ್ಕಾದರೂ ಆಗಬೇಕು" ಎಂದು ಕೇಳಿದರು. ಆಗ ಅವರಿಗೆ ಅರುವತ್ತು ದಾಟಿತ್ತು. ನಾವು ಕೈಯಲ್ಲಿದ್ದ ಪತ್ರಿಕೆಯಿಂದ ತಲೆಯನ್ನೂ ಎತ್ತದೆ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಉಮ್ಮಾ?" ಎಂದು ನಕ್ಕೆವು. ಉಮ್ಮ ಕೂಡಾ ನಕ್ಕರು. ಮತ್ತೆ ಅವರು ಆ ವಿಷಯ ಎತ್ತಲಿಲ್ಲ.

ಗಾದೆ ಮಾತಿನ ಸೌಲಭ್ಯವೇ ಇದು. ನಾವು ಯೋಚಿಸಬೇಕಾದ ಕೆಲಸವನ್ನು ನಮಗಿಂತ ಮೊದಲೇ ಯಾರೋ ಯೋಚಿಸಿ ಮುಗಿಸಿದ್ದಾರೆ ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಉಮ್ಮನಿಗೆ ಅಕ್ಷರ ಕಲಿಯಲು ಸಾಧ್ಯವೇ ಇಲ್ಲವೇ ಎಂದು ನಾವು ಪರೀಕ್ಷಿಸಿ ನೋಡಿರಲಿಲ್ಲ. ಬಾಲ್ಯದಲ್ಲೇ ಮದರಸದಲ್ಲಿ ಅರಬಿ ಅಕ್ಷರ ಕಲಿತು ಕುರ್‌ಆನ್ ಓದಬಲ್ಲ ಅವರಿಗೆ ಲಿಪಿ ಎಂಬುದು ಹೊಸ ಸಂಗತಿಯೇನೂ ಆಗಿರಲಿಲ್ಲ. ಆದರೂ ನಾವು ಒಂದು ಮಾತಿನಲ್ಲಿ ತೀರ್ಪು ಕೊಟ್ಟು ಬಿಟ್ಟೆವು. ಏಕೆಂದರೆ ಆ ಮಾತು ನಮ್ಮ ನಾಲಗೆಯ ತುದಿಯಲ್ಲೇ ಇತ್ತು.

ಇದೇ ಅರ್ಥದ ಇನ್ನೊಂದು ಮಾತು ಇಂಗ್ಲಿಷ್ ಬಲ್ಲವರ ಬಾಯಲ್ಲಿ ಮತ್ತೆ ಮತ್ತೆ ಕೇಳಿ ಬರುತ್ತದೆ. ಮುದಿ ನಾಯಿಗೆ ಹೊಸ ಆಟ ಕಲಿಸಲಾಗದು ಎಂಬುದು ಅದರ ತಾತ್ಪರ್ಯ. ಕಚೇರಿಗೆ ಕಂಪ್ಯೂಟರ್ ಬಂದಾಗ ಹಿರಿಯ ಗುಮಾಸ್ತರ ಬಗ್ಗೆ ಕಿರಿಯರು ಈ ಮಾತು ಆಡುತ್ತಾರೆ. ಮೊಬೈಲ್ ಹಿಡಿದು ತಡಕಾಡುವ ಅಜ್ಜನ ಬಗ್ಗೆ ಮೊಮ್ಮಕ್ಕಳು ಆಡುತ್ತಾರೆ. ಕೆಲವೊಮ್ಮೆ ಹಿರಿಯರೇ ತಮ್ಮ ಬಗ್ಗೆ ಆಡಿಕೊಂಡು ಕೈ ತೊಳೆದುಕೊಳ್ಳುವುದೂ ಉಂಟು. ಈ ಮಾತು ಎಲ್ಲಿಂದ ಬಂತು, ಮೊದಲು ಅದು ಏನು ಹೇಳುತ್ತಿತ್ತು, ಇಂಗ್ಲಿಷ್ ಭಾಷೆಯ ದೊಡ್ಡ ಲೇಖಕರು ಅದನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಸ್ವಲ್ಪ ವಿಮರ್ಶಿಸಿ ನೋಡಬೇಕೆಂದು ನಮಗನಿಸಿದೆ. ಏಕೆಂದರೆ ಒಂದು ಭಾಷೆಯ ಗಾದೆ ಹೇಳುವುದನ್ನೇ ಆ ಭಾಷೆಯ ಸಾಹಿತ್ಯವೂ ಹೇಳಬೇಕೆಂದಿಲ್ಲ. ಎಷ್ಟೋ ಸಲ ಅವೆರಡೂ ಪರಸ್ಪರ ಜಗಳವಾಡುತ್ತವೆ.

ಈ ಮಾತಿನ ಜಾಡು ಹಿಡಿದು ಹೋದರೆ ನಾವು ಹದಿನಾರನೆಯ ಶತಮಾನದ ಇಂಗ್ಲೆಂಡಿನ ಕುರಿ ಮೇಯುವ ಬಯಲಿಗೆ ಬಂದು ಮುಟ್ಟುತ್ತೇವೆ. 1523ರಲ್ಲಿ ಫಿಟ್ಝ್‌ಹರ್ಬರ್ಟ್ ಎಂಬವರ ಹೆಸರಿನಲ್ಲಿ ಬೇಸಾಯದ ಕುರಿತ ಒಂದು ಕೈಪಿಡಿ ಪ್ರಕಟವಾಯಿತು. ಉಳುಮೆ, ಬಿತ್ತನೆ, ದನ ಕುರಿಗಳ ಪಾಲನೆ ಎಲ್ಲವನ್ನೂ ವಿವರಿಸುವ ಪುಸ್ತಕ ಅದು. ಅದರಲ್ಲಿ ಕುರುಬನ ಬಳಿ ಏನೇನಿರಬೇಕು ಎಂದು ಹೇಳುವ ಒಂದು ಭಾಗವಿದೆ. ನಾಯಿ, ಕೊಕ್ಕೆಯ ಕೋಲು, ಉಣ್ಣೆ ಕತ್ತರಿಸುವ ಕತ್ತರಿ, ಟಾರಿನ ಡಬ್ಬಿ, ಇವಿಲ್ಲದೆ ಕುರುಬ ಹೊರಡಬಾರದು. ಬೊಗಳೆಂದಾಗ ಬೊಗಳುವಂತೆಯೂ ಓಡೆಂದಾಗ ಓಡುವಂತೆಯೂ ಸಾಕೆಂದಾಗ ನಿಲ್ಲುವಂತೆಯೂ ಅವನು ತನ್ನ ನಾಯಿಗೆ ಕಲಿಸಿರಬೇಕು. ಹಾಗೆ ಕಲಿಸದವನು ನುರಿತ ಕುರುಬನೇ ಅಲ್ಲ. ಇದನ್ನು ನಾಯಿ ಮರಿಯಾಗಿರುವಾಗಲೇ ಕಲಿಯಬೇಕು, ಏಕೆಂದರೆ ಮುದಿ ನಾಯಿಯನ್ನು ಬಗ್ಗಿಸುವುದು ಕಷ್ಟ ಎಂದು ಆ ಭಾಗ ಮುಂದುವರಿಯುತ್ತದೆ.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅಲ್ಲಿರುವುದು 'ಕಷ್ಟ' ಎಂಬ ಪದವೇ ಹೊರತು 'ಅಸಾಧ್ಯ' ಎಂಬುದಲ್ಲ. ಎರಡನೆಯದಾಗಿ, ಆ ಬುದ್ಧಿಮಾತು ನಾಯಿಯನ್ನು ಕುರಿತದ್ದಲ್ಲ, ಕುರುಬನನ್ನು ಕುರಿತದ್ದು. ಸಕಾಲದಲ್ಲಿ ಕಲಿಸದೆ ಹೋದರೆ ತಪ್ಪು ಕಲಿಸಬೇಕಾಗಿದ್ದವನದ್ದು. ಮೂರನೆಯದಾಗಿ, ಅಲ್ಲಿ ಮಾತಿರುವುದು ಸರ್ಕಸ್ಸಿನ ಆಟದ ಕುರಿತಲ್ಲ, ದುಡಿಮೆಯ ಕುರಿತು. ಅಲ್ಲಿ ಬಳಸಿದ 'ಸ್ಟೂಪ್' ಎಂಬ ಕ್ರಿಯಾಪದಕ್ಕೆ ಬಗ್ಗು ಎಂದರ್ಥ. ನಾಯಿಯ ವಿಷಯದಲ್ಲಿ ಹೇಳುವಾಗ ಮೂಗನ್ನು ನೆಲಕ್ಕೆ ತಾಗಿಸಿ ವಾಸನೆಯ ಜಾಡು ಹಿಡಿಯುವುದು ಎಂಬರ್ಥವೂ ಅದಕ್ಕಿದೆ. ನಮ್ಮ ಗಾದೆಯ ಗಿಡವೂ ಬಗ್ಗಬೇಕು, ಅವರ ಗಾದೆಯ ನಾಯಿಯೂ ಬಗ್ಗಬೇಕು. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಕಲಿಕೆಗೆ ಬಗ್ಗುವಿಕೆ ಎಂದೇ ಹೆಸರಿಟ್ಟಿರುವುದು ಕುತೂಹಲದ ಸಂಗತಿ.

1546ರಲ್ಲಿ ಜಾನ್ ಹೇವುಡ್ ಇಂಗ್ಲಿಷ್ ಗಾದೆಗಳನ್ನು ಪೋಣಿಸಿ ಪುಸ್ತಕ ಮಾಡಿದಾಗಲೂ ಈ ಮಾತಿನಲ್ಲಿ 'ಕಷ್ಟ' ಎಂಬುದು ಉಳಿದಿತ್ತು, 'ಬಗ್ಗು' ಎಂಬುದೂ ಉಳಿದಿತ್ತು. ಆದರೆ ಕುರುಬ ಮಾಯವಾಗಿದ್ದ. 1721ರ ನೇಥನ್ ಬೇಯ್ಲಿಯ ನಿಘಂಟಿಗೆ ಬರುವಾಗ 'ಕಷ್ಟ'ವೂ ಹೋಯಿತು. ಮುದಿ ನಾಯಿ ಆಟ ಕಲಿಯುವುದೇ ಇಲ್ಲ ಎಂಬಲ್ಲಿಗೆ ಮಾತು ಬಂದು ನಿಂತಿತು. ಹೀಗೆ ಸುಮಾರು ಇನ್ನೂರು ವರ್ಷಗಳಲ್ಲಿ ಗುರುವಿಗೆ ಹೇಳಿದ ಎಚ್ಚರಿಕೆಯೊಂದು ಶಿಷ್ಯನ ಮೇಲಿನ ಆರೋಪವಾಗಿ ಬದಲಾಯಿತು. ಯಾರು ಕಲಿಸಲಿಲ್ಲ ಎಂಬ ಪ್ರಶ್ನೆ ಅಳಿಸಿ ಹೋಗಿ ಯಾರು ಕಲಿಯಲಿಲ್ಲ ಎಂಬುದು ಮಾತ್ರ ಉಳಿಯಿತು.

ಈ ಬದಲಾವಣೆ ಯಾರಿಗೆ ಅನುಕೂಲವಾಯಿತು? ಇದಕ್ಕೆ ಉತ್ತರದ ಸುಳಿವು ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಬೃಹತ್ ಗ್ರಂಥದಲ್ಲಿ ಸಿಗುತ್ತದೆ. ಅಭ್ಯಾಸದ ಕುರಿತು ಅವರು ಬರೆದ ಅಧ್ಯಾಯ ಪ್ರಸಿದ್ಧವಾದುದು. ಮೂವತ್ತು ವರ್ಷ ತುಂಬುವಷ್ಟರಲ್ಲಿ ಬಹುತೇಕ ಮನುಷ್ಯರ ಸ್ವಭಾವ ಗಾರೆಯಂತೆ ಗಟ್ಟಿಯಾಗಿ ಬಿಡುತ್ತದೆ, ಮತ್ತೆ ಮೆದುವಾಗುವುದಿಲ್ಲ ಎಂದು ಅವರು ಅಭಿಪ್ರಾಯ ಪಡುತ್ತಾರೆ. ಅಷ್ಟೇ ಅಲ್ಲ, ಹಾಗಾಗುವುದು ಲೋಕಕ್ಕೆ ಒಳ್ಳೆಯದು ಎಂದೂ ಹೇಳುತ್ತಾರೆ. ಗಣಿಯ ಕತ್ತಲಲ್ಲಿ ದುಡಿಯುವವನನ್ನು ಅಲ್ಲೇ, ಚಳಿಗಾಲದ ಕಡಲಲ್ಲಿ ಮೀನು ಹಿಡಿಯುವವನನ್ನು ಅಲ್ಲೇ ನಿಲ್ಲಿಸುವುದು ಅಭ್ಯಾಸ. ಬಡವರ ದಂಗೆಯಿಂದ ಸಿರಿವಂತರ ಮಕ್ಕಳನ್ನು ಕಾಪಾಡುವುದೂ ಅದೇ ಎಂಬುದು ಅವರ ವಾದ. ಜೇಮ್ಸ್ ಇದನ್ನು ಮುಚ್ಚು ಮರೆಯಿಲ್ಲದೆ ಬರೆದಿರುವುದು ನಮಗೆ ಉಪಕಾರವೇ ಆಗಿದೆ. 'ಅವರೆಲ್ಲ ಇನ್ನು ಬದಲಾಗುವವರಲ್ಲ' ಎಂದು ಹೇಳುವ ಬಾಯಿಗೆ, ಅವರು ಬದಲಾಗದೆ ಇರುವುದರಿಂದ ಏನಾದರೂ ಲಾಭವಿದೆಯೇ ಎಂದು ಕೇಳಲೇಬೇಕಾಗುತ್ತದೆ.

ಇನ್ನು ಸಾಹಿತ್ಯಕ್ಕೆ ಬರೋಣ. ಸುಮಾರು 1599ರಲ್ಲಿ ಶೇಕ್ಸ್‌ಪಿಯರ್ ಬರೆದನೆಂದು ನಂಬಲಾಗಿರುವ 'ಆ್ಯಸ್ ಯು ಲೈಕ್ ಇಟ್' ನಾಟಕದ ಮೊದಲ ದೃಶ್ಯದಲ್ಲೇ ಈ ಮುದಿ ನಾಯಿ ಕಾಣಿಸಿಕೊಳ್ಳುತ್ತದೆ. ತಂದೆ ತೀರಿಕೊಂಡ ಬಳಿಕ ಹಿರಿಯ ಮಗ ಆಲಿವರ್ ಆಸ್ತಿಯನ್ನೆಲ್ಲಾ ಹಿಡಿದಿಟ್ಟು ತಮ್ಮ ಆರ್ಲ್ಯಾಂಡೊನಿಗೆ ವಿದ್ಯೆಯನ್ನೂ ಕೊಡಿಸದೆ ಆಳಿನಂತೆ ಬೆಳೆಸುತ್ತಾನೆ. ಅಣ್ಣ ತಮ್ಮಂದಿರ ಜಗಳದ ನಡುವೆ ಸಮಾಧಾನ ಹೇಳಲು ಬಂದ ಮನೆಯ ವೃದ್ಧ ಸೇವಕ ಆ್ಯಡಮ್‌ನನ್ನು ಆಲಿವರ್ ಮುದಿ ನಾಯಿ ಎಂದು ಬೈದು ಅಟ್ಟುತ್ತಾನೆ. ಇಷ್ಟು ವರ್ಷ ದುಡಿದುದಕ್ಕೆ ಸಿಕ್ಕಿದ ಸಂಬಳ ಈ ಹೆಸರೇ, ಈ ಮನೆಯ ಚಾಕರಿಯಲ್ಲಿ ನನ್ನ ಹಲ್ಲುಗಳೆಲ್ಲ ಉದುರಿದ್ದು ನಿಜ ಎಂದು ಆ್ಯಡಮ್ ನೊಂದುಕೊಳ್ಳುತ್ತಾನೆ. ಈ ಮಾತು ಕೇಳುವಾಗ ನಮ್ಮ ಮನೆಗಳಲ್ಲಿ, ತೋಟಗಳಲ್ಲಿ, ಅಂಗಡಿಗಳಲ್ಲಿ ದುಡಿದು ಸವೆದ ಎಷ್ಟೋ ಮುಖಗಳು ಕಣ್ಣ ಮುಂದೆ ಬರುವುದಿಲ್ಲವೇ?

ಆದರೆ ನಾಟಕ ಅಲ್ಲಿಗೆ ನಿಲ್ಲುವುದಿಲ್ಲ. ಆಲಿವರ್ ತನ್ನ ತಮ್ಮನನ್ನು ಮನೆಯ ಸಮೇತ ಸುಟ್ಟು ಹಾಕಲು ಸಂಚು ಹೂಡಿದ್ದಾನೆಂದು ತಿಳಿದಾಗ ಎಚ್ಚರಿಸಲು ಓಡಿ ಬರುವವನು ಇದೇ ಆ್ಯಡಮ್. ಹದಿನೇಳನೆಯ ವಯಸ್ಸಿನಿಂದ ಹೆಚ್ಚು ಕಡಿಮೆ ಎಂಬತ್ತರ ತನಕ ಒಂದೇ ಮನೆಯಲ್ಲಿ ಬದುಕಿದವನು. ಮುಪ್ಪಿನಲ್ಲಿ ಕೈಕಾಲು ಸೋತಾಗ ಇರಲಿ ಎಂದು ಕೂಡಿಟ್ಟಿದ್ದ 500 ಕ್ರೌನ್‌ಗಳನ್ನು ಅವನು ಆರ್ಲ್ಯಾಂಡೊನ ಕೈಯಲ್ಲಿಟ್ಟು, ನನ್ನನ್ನೂ ಕರೆದುಕೊಂಡು ಹೋಗು, ನಿನ್ನ ಸೇವಕನಾಗಿರುತ್ತೇನೆ ಎನ್ನುತ್ತಾನೆ. ಯೌವನದಲ್ಲಿ ಮದ್ಯ ಮುಟ್ಟಿ ರಕ್ತ ಕೆಡಿಸಿಕೊಂಡವನಲ್ಲ, ಆದ್ದರಿಂದ ಈ ವಯಸ್ಸಿನಲ್ಲೂ ಗಟ್ಟಿಯಾಗಿದ್ದೇನೆ ಎಂದು ಧೈರ್ಯ ಹೇಳುತ್ತಾನೆ. ಅರುವತ್ತು ವರ್ಷಕ್ಕೂ ಮಿಕ್ಕಿದ ಅಭ್ಯಾಸವನ್ನು ಒಂದು ರಾತ್ರಿಯಲ್ಲಿ ಬಿಟ್ಟು ಆರ್ಡೆನ್ ಕಾಡಿನ ದಾರಿ ಹಿಡಿದ ಈ ಮನುಷ್ಯನಿಗೆ ಹೊಸದನ್ನು ಕಲಿಸಲಾಗದು ಎಂದು ಯಾರು ಹೇಳಿಯಾರು?

ಅದೇ ಕಾಡಿನಲ್ಲಿ ಜೇಕ್ವಿಸ್ ಎಂಬ ಪಾತ್ರ ಮನುಷ್ಯ ಜೀವನದ ಏಳು ಘಟ್ಟಗಳ ಕುರಿತು ಒಂದು ದೀರ್ಘ ಮಾತನ್ನಾಡುತ್ತದೆ. ಶಾಲೆ ಕಾಲೇಜುಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಭಾಗ ಅದು. ಕೊನೆಯ ಘಟ್ಟ ಎರಡನೆಯ ಶೈಶವ. ಹಲ್ಲಿಲ್ಲ, ಕಣ್ಣಿಲ್ಲ, ರುಚಿಯಿಲ್ಲ, ಏನೂ ಇಲ್ಲ ಎಂಬಲ್ಲಿಗೆ ಆ ಮಾತು ಮುಗಿಯುತ್ತದೆ. ಬಾಯಿಪಾಠವೂ ಅಲ್ಲಿಗೇ ಮುಗಿಯುತ್ತದೆ. ಆದರೆ ನಾಟಕದಲ್ಲಿ ಸರಿಯಾಗಿ ಆ ಕ್ಷಣದಲ್ಲಿ ಆರ್ಲ್ಯಾಂಡೊ ಹಸಿವಿನಿಂದ ಕುಸಿದ ಆ್ಯಡಮ್‌ನನ್ನು ಹೊತ್ತುಕೊಂಡು ರಂಗಕ್ಕೆ ಬರುತ್ತಾನೆ. ಹಲ್ಲಿಲ್ಲದ ಮುದುಕ ಎಂದರೆ ಏನೂ ಇಲ್ಲದವನಲ್ಲ, ಇಷ್ಟೆಲ್ಲ ತ್ಯಾಗ, ಧೈರ್ಯ, ಪ್ರೀತಿ ಇರುವವನು ಎಂದು ಮಾತಿಲ್ಲದೆಯೇ ನಾಟಕ ಉತ್ತರ ಕೊಡುತ್ತದೆ. ಮಾತನ್ನು ಉರು ಹೊಡೆದು ಉತ್ತರವನ್ನು ಬಿಟ್ಟು ಬಿಡುವ ನಮ್ಮ ಪಾಠ ಕ್ರಮದ ಬಗ್ಗೆ ಏನು ಹೇಳೋಣ! ಇನ್ನೂ ಒಂದು ಮಾತಿದೆ. ಮುದಿ ನಾಯಿ ಎಂದು ಬೈದ ಆಲಿವರ್ ಕೂಡಾ ಕೊನೆಗೆ ಬದಲಾಗುತ್ತಾನೆ. ತಾನು ಹಿಂದೆ ಏನಾಗಿದ್ದೆ ಎಂದು ಹೇಳಿಕೊಳ್ಳಲು ಅವನು ನಾಚುವುದಿಲ್ಲ. ಬೈಸಿಕೊಂಡವನಿಗಿಂತ ಬೈದವನೇ ಹೆಚ್ಚು ಕಲಿಯಬೇಕಾಗಿತ್ತು.

'ಕಿಂಗ್ ಲಿಯರ್' ನಾಟಕ 1606ರ ಡಿಸೆಂಬರ್ 26ರಂದು ಇಂಗ್ಲೆಂಡಿನ ದೊರೆಯ ಆಸ್ಥಾನದಲ್ಲಿ ಪ್ರದರ್ಶನಗೊಂಡಿತು. ಇದರಲ್ಲಿ ಶೇಕ್ಸ್‌ಪಿಯರ್ ಇದೇ ಪ್ರಶ್ನೆಯನ್ನು ಹೆಚ್ಚು ನಿಷ್ಠುರವಾಗಿ ಎತ್ತುತ್ತಾನೆ. ಎಂಬತ್ತು ದಾಟಿದ ದೊರೆ ಹೊಗಳಿಕೆಯ ಅಳತೆ ನೋಡಿ ಮಕ್ಕಳಿಗೆ ರಾಜ್ಯ ಹಂಚುತ್ತಾನೆ. ನಿಜ ನುಡಿದ ಕಿರಿಯ ಮಗಳು ಕಾರ್ಡೀಲಿಯಾಳನ್ನು ತಿರಸ್ಕರಿಸುತ್ತಾನೆ, ಬುದ್ಧಿ ಹೇಳಿದ ಕೆಂಟ್‌ನನ್ನು ಗಡೀಪಾರು ಮಾಡುತ್ತಾನೆ. ದೃಶ್ಯದ ಕೊನೆಗೆ ರಾಜ್ಯ ಪಡೆದ ಹಿರಿಯ ಮಕ್ಕಳಿಬ್ಬರು ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ. ಅಪ್ಪನ ಸ್ವಭಾವವೇ ಹೀಗೆ, ಅದು ಬಹಳ ಕಾಲದಿಂದ ಬೇರು ಬಿಟ್ಟದ್ದು, ಈಗ ಮುಪ್ಪಿನ ಹಠವೂ ಸೇರಿದೆ ಎಂಬುದು ಅವರ ಮಾತಿನ ಸಾರ. ನಮ್ಮ ಗಾದೆಯನ್ನೇ ಅವರು ರಾಜಭಾಷೆಯಲ್ಲಿ ಹೇಳುತ್ತಿದ್ದಾರೆ.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ನಾವು ಒಪ್ಪಬೇಕು. ಲಿಯರ್ ನಿಜವಾಗಿಯೂ ಅಭ್ಯಾಸದ ದಾಸ. ಕಿರೀಟ ಬಿಟ್ಟುಕೊಟ್ಟ ಮೇಲೂ ಅಪ್ಪಣೆ ಕೊಡುವ ಚಾಳಿ ಬಿಟ್ಟಿಲ್ಲ. ನೂರು ಮಂದಿ ಸವಾರರು ಜೊತೆಗಿರಲೇಬೇಕು. ಮಕ್ಕಳು ಆ ನೂರನ್ನು ಐವತ್ತಕ್ಕೆ, ಇಪ್ಪತ್ತೈದಕ್ಕೆ ಇಳಿಸಿ, ಕೊನೆಗೆ ಒಬ್ಬನಾದರೂ ಏಕೆ ಬೇಕು ಎಂದು ಕೇಳುತ್ತಾರೆ. ಇದಕ್ಕೆ ಮುಂಚೆ ಒಂದು ಘಟನೆ ನಡೆಯುತ್ತದೆ. ದೊಡ್ಡ ಮಗಳಲ್ಲಿ ಕ್ಷಮೆ ಕೇಳು ಎಂದು ರೀಗನ್ ಹೇಳಿದಾಗ ಲಿಯರ್ ಅಣಕವಾಡುತ್ತಾ ಮೊಣಕಾಲೂರಿ, ಮಗಳೇ, ನಾನು ಮುದುಕ, ಉಡಲು ಉಣ್ಣಲು ಮಲಗಲು ಭಿಕ್ಷೆ ನೀಡು ಎಂಬಂತೆ ಬೇಡುತ್ತಾನೆ. ಈ ಅಸಹ್ಯ ಆಟಗಳನ್ನು ನಿಲ್ಲಿಸು ಎಂದು ರೀಗನ್ ಗದರಿಸುತ್ತಾಳೆ. ಆಕೆ ಬಳಸುವ ಪದ 'ಟ್ರಿಕ್ಸ್' ಎಂದೇ ಆಗಿದೆ. ಮುದಿ ನಾಯಿಯ ಗಾದೆಯಲ್ಲಿರುವುದೂ ಅದೇ ಪದ.

ಅನಂತರ ಬಿರುಗಾಳಿಯ ರಾತ್ರಿ. ಬಯಲಲ್ಲಿ ನೆನೆಯುತ್ತಾ ನಿಂತ ದೊರೆಗೆ ಒಂದು ಜೋಪಡಿ ಸಿಗುತ್ತದೆ. ಜೀವಮಾನವಿಡೀ ಎಲ್ಲಿಗಾದರೂ ಎಲ್ಲರಿಗಿಂತ ಮೊದಲು ಪ್ರವೇಶಿಸಿದವನು ತನ್ನ ವಿದೂಷಕನನ್ನು ನೀನು ಮೊದಲು ಒಳಗೆ ಹೋಗು ಎನ್ನುತ್ತಾನೆ. ಹೊರಗೆ ನಿಂತು, ಸೂರಿಲ್ಲದೆ ಬಟ್ಟೆಯಿಲ್ಲದೆ ಇಂತಹ ರಾತ್ರಿಗಳನ್ನು ಕಳೆಯುವ ಬಡವರನ್ನು ನೆನೆಯುತ್ತಾನೆ. ಇವರ ಬಗ್ಗೆ ನಾನು ಕಾಳಜಿ ವಹಿಸಿದ್ದು ಬಹಳ ಕಡಿಮೆಯಾಯಿತು ಎಂದು ಒಪ್ಪಿಕೊಳ್ಳುತ್ತಾನೆ. ಸಿಂಹಾಸನದಲ್ಲಿ ಕುಳಿತು ಕಲಿಯದ ಆಡಳಿತದ ಮೊದಲ ಪಾಠವನ್ನು ಆತ ಎಂಬತ್ತು ದಾಟಿದ ಮೇಲೆ ಮಳೆಯಲ್ಲಿ ನಿಂತು ಕಲಿಯುತ್ತಾನೆ. ಕೊನೆಗೆ ಕಾರ್ಡೀಲಿಯಾಳ ಮುಂದೆ ಕಣ್ತೆರೆದಾಗ ಆತ ಮತ್ತೆ ಮೊಣಕಾಲೂರಲು ಹೊರಡುತ್ತಾನೆ. ಈ ಸಲ ಅಣಕವಿಲ್ಲ. ತಾನೊಬ್ಬ ಮೂರ್ಖ ಮುದುಕ, ಮರೆತು ಕ್ಷಮಿಸು ಎಂದು ಮಗಳಲ್ಲಿ ಬೇಡುತ್ತಾನೆ. ನೀವು ಮೊಣಕಾಲೂರಬಾರದು ಎಂದು ಮಗಳು ತಡೆಯುತ್ತಾಳೆ. ಫಿಟ್ಝ್‌ಹರ್ಬರ್ಟ್‌ನ ಪುಸ್ತಕ ಮುದಿ ನಾಯಿಯನ್ನು ಬಗ್ಗಿಸುವುದು ಕಷ್ಟ ಎಂದಿತ್ತು. ಇಲ್ಲಿ ಅದು ತಾನಾಗಿಯೇ ಬಗ್ಗುತ್ತದೆ. ಬಲವಂತದ ಬಗ್ಗುವಿಕೆಗೂ ಅರಿವಿನಿಂದ ಬರುವ ವಿನಯಕ್ಕೂ ಇರುವ ಅಂತರವನ್ನು ಈ ಎರಡು ದೃಶ್ಯಗಳಷ್ಟು ಸ್ಪಷ್ಟವಾಗಿ ತೋರಿಸಿದ ಕೃತಿಗಳು ವಿರಳ.

ಆದರೆ ಶೇಕ್ಸ್‌ಪಿಯರ್ ಸುಳ್ಳು ಸಮಾಧಾನ ಕೊಡುವುದಿಲ್ಲ. ಲಿಯರ್ ಕಲಿಯುತ್ತಾನೆ, ಆದರೆ ತಡವಾಗಿ ಕಲಿಯುತ್ತಾನೆ. ಅದರ ಬೆಲೆಯನ್ನು ಕಾರ್ಡೀಲಿಯಾ ತನ್ನ ಜೀವದಿಂದ ತೆರುತ್ತಾಳೆ. ವೃದ್ಧರು ಬದಲಾಗಲಾರರು ಎಂಬುದಲ್ಲ ಇಲ್ಲಿನ ದುರಂತ. ಅಧಿಕಾರ ಕೈಯಲ್ಲಿದ್ದಾಗ ಬದಲಾಗದಿರುವುದೇ ದುರಂತ. ಕುಟುಂಬಗಳ ಹಿರಿಯರೂ ಸಂಘ ಸಂಸ್ಥೆಗಳ ಮುಖಂಡರೂ ಈ ನಾಟಕವನ್ನು ಓದಬೇಕಾದುದು ಈ ಕಾರಣಕ್ಕಾಗಿ. 'ಹಿಂದಿನಿಂದಲೂ ಹೀಗೆಯೇ ನಡೆದು ಬಂದಿದೆ' ಎಂದು ವರದಕ್ಷಿಣೆಯನ್ನೋ ಮದುವೆಯ ದುಂದುವೆಚ್ಚವನ್ನೋ ಸಮರ್ಥಿಸುವವರು ತಮ್ಮ ವಯಸ್ಸನ್ನು ಅಡ್ಡ ಹಿಡಿದು, ನಮ್ಮನ್ನು ಇನ್ನೇನು ತಿದ್ದುತ್ತೀರಿ ಎಂದು ಕೇಳುವುದುಂಟು. ಅವರ ಹಠದ ಬೆಲೆಯನ್ನು ತೆರುವವರು ಮಾತ್ರ ಯಾವಾಗಲೂ ಮನೆಯ ಹೆಣ್ಣು ಮಕ್ಕಳು.

ಹತ್ತೊಂಬತ್ತನೆಯ ಶತಮಾನದ ಇಬ್ಬರು ಕಾದಂಬರಿಕಾರರು ಇದೇ ವಸ್ತುವನ್ನು ಎರಡು ರೀತಿಯಲ್ಲಿ ಎತ್ತಿಕೊಂಡಿದ್ದಾರೆ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್ಮಸ್ ಕ್ಯಾರಲ್' ಕಥೆಯ ಸ್ಕ್ರೂಜ್ ಎಂಬ ಜಿಪುಣ ಒಂದೇ ರಾತ್ರಿಯಲ್ಲಿ ಮೂರು ಪ್ರೇತಗಳನ್ನು ಕಂಡು ಬೆಳಗಾಗುವಷ್ಟರಲ್ಲಿ ಉದಾರಿಯಾಗುತ್ತಾನೆ. ಓದಲು ಹಿತವಾದ ಕಥೆ, ಸಂದೇಹವಿಲ್ಲ. ತನ್ನ ಕಾಲದ ಕಾರ್ಖಾನೆ ಮಾಲಕರ ಮನಸ್ಸಾಕ್ಷಿಯನ್ನು ಅದು ಚುಚ್ಚಿದ್ದೂ ನಿಜ. ಆದರೆ ಜೀವಮಾನದ ಅಭ್ಯಾಸ ಒಂದು ರಾತ್ರಿಯ ಭಯದಿಂದ ಅಳಿಯುತ್ತದೆ ಎಂದರೆ ಅನುಭವ ಒಪ್ಪುವುದಿಲ್ಲ. ಭಯದಿಂದ ಬದಲಾದವನು ಭಯ ಹೋದ ಮೇಲೆ ಏನಾಗುತ್ತಾನೆ ಎಂಬುದನ್ನು ಡಿಕನ್ಸ್ ನಮಗೆ ತೋರಿಸುವುದಿಲ್ಲ, ಚೆನ್ನಾಗಿಯೇ ಬಾಳಿದ ಎಂದು ಹೇಳಿ ಮುಗಿಸುತ್ತಾನೆ.

ಮೇರಿ ಆ್ಯನ್ ಇವಾನ್ಸ್ ಎಂಬ ಮಹಿಳೆ ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ 1861ರಲ್ಲಿ ಪ್ರಕಟಿಸಿದ 'ಸೈಲಸ್ ಮಾರ್ನರ್' ಇದಕ್ಕಿಂತ ಆಳವಾದ ಕೃತಿ. ಸೈಲಸ್ ಒಬ್ಬ ನೇಕಾರ. ಪ್ರಾಣ ಸ್ನೇಹಿತನೇ ಮಾಡಿದ ಕಳ್ಳತನದ ಆರೋಪ ಹೊತ್ತು, ತನ್ನ ಧಾರ್ಮಿಕ ಸಭೆ ಚೀಟಿ ಎತ್ತಿ ತನ್ನನ್ನೇ ಅಪರಾಧಿಯೆಂದು ಸಾರಿದ್ದನ್ನು ಕಂಡು, ದೇವರಲ್ಲೂ ಮನುಷ್ಯರಲ್ಲೂ ನಂಬಿಕೆ ಕಳೆದುಕೊಂಡು ರೇವಲೋ ಎಂಬ ಹಳ್ಳಿಯಲ್ಲಿ ಬಂದು ನೆಲೆಸುತ್ತಾನೆ. ಹದಿನೈದು ವರ್ಷ ಹಗಲು ಮಗ್ಗ, ರಾತ್ರಿ ಚಿನ್ನದ ನಾಣ್ಯಗಳ ಎಣಿಕೆ. ಇಷ್ಟೇ ಅವನ ಬದುಕು. ಇನ್ನೂ ನಲ್ವತ್ತು ತುಂಬದ ಅವನನ್ನು ಊರಿನ ಮಕ್ಕಳು ಮುದಿ ಮಾರ್ನರ್ ಎಂದೇ ಕರೆಯುತ್ತಾರೆ. ಎಲಿಯಟ್‌ಳ ಈ ಒಂದು ವಿವರ ಸಾಕು. ಮುಪ್ಪನ್ನು ತರುವುದು ವರ್ಷಗಳ ಲೆಕ್ಕವಲ್ಲ, ಒಂದೇ ಕೆಲಸವನ್ನು ಅರ್ಥವಿಲ್ಲದೆ ಪುನರಾವರ್ತಿಸುವ ಬದುಕು ಎಂಬುದನ್ನು ಆಕೆ ವಾದವಿಲ್ಲದೆ ಹೇಳಿದ್ದಾಳೆ.

ಒಂದು ದಿನ ನಾಣ್ಯಗಳು ಕಳವಾಗುತ್ತವೆ. ಹೊಸ ವರ್ಷದ ಹಿಂದಿನ ರಾತ್ರಿ, ಹಿಮದಲ್ಲಿ ಸತ್ತ ತಾಯಿಯ ಮಗ್ಗುಲಿಂದ ಎದ್ದ ಒಂದು ಪುಟ್ಟ ಹೆಣ್ಣು ಮಗು ಬೆಳಕು ಕಂಡು ಅವನ ಮನೆಯೊಳಗೆ ಬಂದು ಒಲೆಯ ಮುಂದೆ ಮಲಗುತ್ತದೆ. ದೃಷ್ಟಿ ಮಂದವಾದ ಸೈಲಸ್ ಅದರ ಹೊಂಬಣ್ಣದ ಕೂದಲನ್ನು ತನ್ನ ಚಿನ್ನವೇ ಮರಳಿ ಬಂತೆಂದು ಭ್ರಮಿಸಿ ಕೈ ಚಾಚುತ್ತಾನೆ, ಮೆತ್ತಗಿನ ಕೂದಲು ಕೈಗೆ ಸಿಗುತ್ತದೆ. ಅವನ ಬದಲಾವಣೆ ಅಲ್ಲಿಂದ ಶುರು. ಅದೇನೂ ಒಂದು ರಾತ್ರಿಯದ್ದಲ್ಲ. ಮಗುವನ್ನು ಮೀಯಿಸುವುದು, ಬಟ್ಟೆ ತೊಡಿಸುವುದು ಎಲ್ಲವನ್ನೂ ಅವನು ಕಲಿಯಬೇಕಾಗುತ್ತದೆ. ತುಂಟತನ ಮಾಡಿದ ಮಗುವನ್ನು ಶಿಕ್ಷೆಗೆಂದು ಇದ್ದಿಲ ಗೂಡಿನಲ್ಲಿ ಕೂರಿಸಿದರೆ ಮಗುವಿಗೆ ಅದೇ ಆಟವಾಗಿ ಮತ್ತೆ ತಾನೇ ಹೋಗಿ ಅಲ್ಲಿ ಕೂರುತ್ತದೆ. ಶಿಕ್ಷೆಯ ಕ್ರಮವನ್ನೇ ಸೈಲಸ್ ಕೈ ಬಿಡುತ್ತಾನೆ. ಮರಿಯನ್ನು ಪಳಗಿಸಲು ಹೋದವನನ್ನು ಮರಿಯೇ ಪಳಗಿಸಿತು!

ಇದೆಲ್ಲ ಅವನೊಬ್ಬನಿಂದಲೇ ಆದುದಲ್ಲ ಎಂಬುದನ್ನು ಎಲಿಯಟ್ ಮರೆಯುವುದಿಲ್ಲ. ಡಾಲಿ ವಿಂತ್ರಾಪ್ ಎಂಬ ನೆರೆಯ ಹೆಂಗಸು ತನ್ನ ಮಗನ ಹಳೆಯ ಬಟ್ಟೆಗಳನ್ನು ತಂದುಕೊಟ್ಟು, ಪಕ್ಕದಲ್ಲಿ ಕುಳಿತು, ಒಂದೊಂದಾಗಿ ತೋರಿಸಿಕೊಡುತ್ತಾಳೆ. ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಗಂಡಸಿಗೆ ಇದೆಲ್ಲ ಆಗದು ಎಂದು ಅವಳು ನಗುವುದಿಲ್ಲ. 1523ರ ಕೈಪಿಡಿ ಹುಡುಕುತ್ತಿದ್ದ ನುರಿತ ಕುರುಬ ಯಾರಾದರೂ ಇದ್ದರೆ ಅದು ಈ ಡಾಲಿ. ಗಾದೆಯಿಂದ ಅಳಿಸಿ ಹೋದ ಗುರುವನ್ನು ಎಲಿಯಟ್ ಕಾದಂಬರಿಯಲ್ಲಿ ಮರಳಿ ತಂದು ಕೂರಿಸಿದ್ದಾಳೆ.

ಹಾಗೆಂದು ಅಭ್ಯಾಸವೆಲ್ಲ ಕೆಟ್ಟದು, ಬದಲಾವಣೆಯೆಲ್ಲ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ಸೈಲಸ್‌ನ ಬಳಿ ನೀರು ತರುವ ಒಂದು ಮಣ್ಣಿನ ಮಡಕೆ ಇತ್ತು. ಹನ್ನೆರಡು ವರ್ಷ ಬಳಸಿದ ಅದು ಒಂದು ದಿನ ಒಡೆದಾಗ ಚೂರುಗಳನ್ನು ಜೋಡಿಸಿ ಅದೇ ಜಾಗದಲ್ಲಿಟ್ಟ. ಉಪಯೋಗವಿಲ್ಲದ ಮಡಕೆ, ಆದರೆ ಅವನೊಳಗೆ ಪ್ರೀತಿ ಪೂರ್ತಿ ಬತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆ್ಯಡಮ್ ಮನೆ ಬಿಟ್ಟ, ನಿಷ್ಠೆ ಬಿಡಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕವೇ ಮುಖ್ಯ. ಹೊಸ ಮೊಬೈಲ್ ಕಂಡಾಕ್ಷಣ ಹಳೆಯದನ್ನು ಎಸೆಯುವವನನ್ನು ಬದಲಾವಣೆಗೆ ತೆರೆದುಕೊಂಡವನು ಎಂದು ಕರೆಯಲಾಗದು. ಅದೂ ಒಂದು ಚಟವೇ.

ವಯಸ್ಸಾದಂತೆ ಕಲಿಕೆ ನಿಧಾನವಾಗುತ್ತದೆ ಎಂಬುದನ್ನೂ ನಿರಾಕರಿಸಬೇಕಾಗಿಲ್ಲ. ಆದರೆ ಗಾರೆಯಂತೆ ಗಟ್ಟಿಯಾಗಿ ಬಿಡುತ್ತದೆ ಎಂಬ ಮಾತು ನಿಲ್ಲಲಿಲ್ಲ. ಲಂಡನ್ನಿನ ಟ್ಯಾಕ್ಸಿ ಚಾಲಕರು ಆ ಮಹಾನಗರದ ಸಾವಿರಾರು ಬೀದಿಗಳನ್ನು ನೆನಪಿನಲ್ಲಿಟ್ಟು ಕಠಿಣ ಪರೀಕ್ಷೆ ಪಾಸು ಮಾಡಬೇಕು. 2000ದಲ್ಲಿ ಅವರ ಮೆದುಳುಗಳನ್ನು ಸ್ಕ್ಯಾನ್ ಮಾಡಿ ನೋಡಿದ ವಿಜ್ಞಾನಿಗಳು, ದಾರಿಯ ನೆನಪಿಗೆ ಸಂಬಂಧಿಸಿದ ಭಾಗದ ಹಿಂಬದಿ ಇತರರಿಗಿಂತ ಅವರಲ್ಲಿ ದೊಡ್ಡದಾಗಿರುವುದನ್ನು ಕಂಡರು. ಕಲಿಕೆಗೆ ತಕ್ಕಂತೆ ಬೆಳೆದವರ ಮೆದುಳೂ ಬದಲಾಗುತ್ತದೆ ಎಂಬ ಕಡೆಗೆ ಅದು ಬೊಟ್ಟು ಮಾಡಿತು.

ಲಂಡನ್ ದೂರವಾಯಿತು ಎನ್ನುವವರು ನೆರೆಯ ಕೇರಳವನ್ನು ನೋಡಬಹುದು. 1991ರ ಎಪ್ರಿಲ್ 18ರಂದು ಕಲ್ಲಿಕೋಟೆಯ ಮಾನಾಂಚಿರ ಮೈದಾನದಲ್ಲಿ ಆ ರಾಜ್ಯ ಸಂಪೂರ್ಣ ಸಾಕ್ಷರವಾಯಿತೆಂದು ಘೋಷಿಸಲು ವೇದಿಕೆ ಏರಿದ್ದು ಯಾವುದೇ ಮಂತ್ರಿಯಲ್ಲ, ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಶಾ ಎಂಬ ಹೊಸದಾಗಿ ಅಕ್ಷರ ಕಲಿತ ಹಿರಿಯ ಮಹಿಳೆ. 2018ರಲ್ಲಿ ಅದೇ ರಾಜ್ಯದ ಕಾರ್ತ್ಯಾಯಿನಿ ಅಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಗಳಿಸಿದರು. ಇವರಿಬ್ಬರೂ ಅಷ್ಟು ವರ್ಷ ಅಕ್ಷರ ಕಲಿಯದಿದ್ದುದು ಕಲಿಯಲಾಗದೆ ಅಲ್ಲ. ಕಲಿಸಲು ಯಾರೂ ಅವರ ಬಾಗಿಲಿಗೆ ಬಂದಿರಲಿಲ್ಲ. ಬಂದ ದಿನ ಅವರು ಕಲಿತರು.

ನಮ್ಮ ಕನ್ನಡದ ಗಾದೆಯನ್ನು ಈಗ ಮತ್ತೊಮ್ಮೆ ಓದಿ ನೋಡೋಣ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಇಂಗ್ಲಿಷ್ ಗಾದೆ ತೀರ್ಪಾಗಿ ಹೋದರೂ ನಮ್ಮದು ಇನ್ನೂ ಪ್ರಶ್ನೆಯಾಗಿಯೇ ಉಳಿದಿದೆ. ಉತ್ತರ ಬೇಡದ ಪ್ರಶ್ನೆ ಎಂದು ನಾವು ಭಾವಿಸಿದ್ದೇವೆ, ಅಷ್ಟೆ. ಅದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡು ಉತ್ತರ ಹುಡುಕಲು ಯಾವ ಅಡ್ಡಿಯೂ ಇಲ್ಲ.

ನಮ್ಮ ಮನೆಯಲ್ಲಿ ಉತ್ತರ ಹುಡುಕಿದ್ದು ನಾವಲ್ಲ, ಆಗ ಆರನೆಯ ತರಗತಿಯಲ್ಲಿದ್ದ ಮಗಳು. ಅಜ್ಜಿಯ ಆಸೆ ಅವಳ ಕಿವಿಗೆ ಹೇಗೆ ಬಿತ್ತೋ ತಿಳಿಯದು. ಇಶಾದ ಬಳಿಕ ದಿನಕ್ಕೆ ಅರ್ಧ ಗಂಟೆ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರಗಳು. ಮಧ್ಯದಲ್ಲಿ ತೊಡಕಾದದ್ದು ಉಮ್ಮನ ತಲೆಯಲ್ಲ, ಅವರ ಕನ್ನಡಕ. ಅದನ್ನು ಬದಲಾಯಿಸಿದ ಮೇಲೆ ಪಾಠ ವೇಗವಾಗಿ ಸಾಗಿತು. ಬೇಕಾಗಿದ್ದದ್ದು ಇಷ್ಟೇ: ಒಂದು ಕನ್ನಡಕ, ಅರ್ಧ ಗಂಟೆ, ನಗದೆ ಕಲಿಸುವ ಒಬ್ಬರು. ಈ ಮೂರನ್ನೂ ಕೊಡಬಹುದಾಗಿದ್ದ ನಾವು ಅವುಗಳ ಬದಲಿಗೆ ಒಂದು ಗಾದೆಯನ್ನು ಕೊಟ್ಟಿದ್ದೆವು.

ಮೊನ್ನೆ ಸಂಬಂಧಿಕರ ಮನೆಯಿಂದ ಮದುವೆಯ ಕಾಗದ ಬಂತು. ನಾವು ಎಂದಿನಂತೆ ಅದನ್ನು ಬಿಡಿಸಿ, ಉಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಲು ಶುರು ಮಾಡಿದೆವು. ಉಮ್ಮ ಕೈ ಚಾಚಿದರು. "ಕೊಡು ಮೋನೇ, ನಾನೇ ಓದುತ್ತೇನೆ. ನಿನಗೆ ಇನ್ನೂ ಅಭ್ಯಾಸ ಹೋಗಲಿಲ್ಲ" ಎಂದರು.